ಅರ್ಧಕ್ಕೇ ನಿಂತ ಸ್ಕೆಚ್ ಬುಕ್ ತುಂಬಿಸುವುದು ಹೇಗೆ?

ಚಿತ್ರ ಬಿಡಿಸುವ ಹುಚ್ಚು ಇರುವವರ ಕಪಾಟಿನಲ್ಲಿ ಅರ್ಧಕ್ಕೇ ನಿಂತ ಸ್ಕೆಚ್ ಬುಕ್‌ಗಳು ನಾಲ್ಕೈದಾದರೂ ಇರುತ್ತವೆ. ಮೊದಲ ಹತ್ತು ಹಾಳೆಯಲ್ಲಿ ಭಾರೀ ಉತ್ಸಾಹ. ಆಮೇಲೆ ಒಂದೆರಡು ಹಾಳೆಯಲ್ಲಿ ಕಣ್ಣಿದ್ದು ಮೂಗಿಲ್ಲದ ಮುಖ. ಅಲ್ಲಿಂದಾಚೆಗೆ ಬರೀ ಬಿಳಿ. ‘ದಿನಕ್ಕೊಂದು ಚಿತ್ರ’ ಸವಾಲು ತಗೊಳ್ಳೋಣ ಅನ್ನಿಸಿದ ಕೂಡಲೇ ಇವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಅಂಗಡಿಗೆ ಹೋಗಿ ಇನ್ನೊಂದು ಹೊಸ ಬುಕ್ ತರುವುದು. ಮೂರನೇ ವಾರಕ್ಕೆ ಅದೂ ಕಪಾಟು ಸೇರುತ್ತದೆ.

ಇದಕ್ಕೆ ಸೋಮಾರಿತನವನ್ನು ದೂರಿ ಪ್ರಯೋಜನವಿಲ್ಲ. ಸವಾಲಿನ ಲೆಕ್ಕವೇ ಎಡವಟ್ಟು. ಹೆಸರಾದ ಸವಾಲುಗಳು ಸಾಮಾನ್ಯವಾಗಿ ದಿನ ಎಣಿಸುತ್ತವೆ. 2009ರಲ್ಲಿ ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಶುರು ಮಾಡಿದ ಇಂಕ್‌ಟೋಬರ್‌ನಲ್ಲಿ ಅಕ್ಟೋಬರ್‌ನ 31 ದಿನಕ್ಕೆ 31 ಇಂಕಿನ ಚಿತ್ರ. ನಾಲ್ಕನೇ ದಿನ ಜ್ವರ ಬಂದು ಮಲಗಿದರೆ ಲೆಕ್ಕ ತಪ್ಪಿತು, ಎಷ್ಟೋ ಜನರಿಗೆ ಅಲ್ಲಿಗೇ ಆಟ ಮುಗಿಯಿತು. ಹಳೇ ಬುಕ್ ಮುಗಿಸಬೇಕು ಅನ್ನುವವರು ಪುಟ ಎಣಿಸಬೇಕು. ಕೊನೆಯ ಪುಟ ತುಂಬಿದ ದಿನ ಸವಾಲು ಮುಗಿಯುತ್ತದೆ, ಅದು ಯಾವ ತಾರೀಕಾದರೂ ಸರಿ.

ಹಂತ 1: ಒಂದೇ ಬುಕ್ ಆರಿಸಿ

ಇರುವ ಬುಕ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಯಾವುದರಲ್ಲಿ ಖಾಲಿ ಪುಟ ಎಲ್ಲಕ್ಕಿಂತ ಕಡಿಮೆ ಇದೆಯೋ ಅದನ್ನು ಎತ್ತಿಕೊಳ್ಳಿ. ಚೆಂದದ ರಟ್ಟು ಇರುವುದಲ್ಲ, ದುಬಾರಿಯದ್ದೂ ಅಲ್ಲ. ಮಿಕ್ಕವನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ‘ಮೂಡ್ ನೋಡಿಕೊಂಡು ಎರಡರಲ್ಲಿ ಯಾವುದಾದರೂ ಒಂದರಲ್ಲಿ ಬರೆಯುತ್ತೇನೆ’ ಅನ್ನುವವರು ಎರಡನ್ನೂ ಮುಗಿಸಿದ್ದನ್ನು ನಾನಂತೂ ನೋಡಿಲ್ಲ.

ಒಂದೇ ಒಂದು ವಿನಾಯಿತಿ ಇದೆ. ಹಾಳೆ ಹಳದಿಯಾಗಿ, ಅಂಚು ಮಡಚಿದರೆ ಮುರಿಯುವಂತಿದ್ದರೆ ಆ ಬುಕ್ ಬಿಟ್ಟುಬಿಡಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಮತ್ತು ಆಮ್ಲ ಉಳಿದುಕೊಂಡಿರುತ್ತವೆ. ವರ್ಷ ಕಳೆದಂತೆ ಅವೇ ಕಾಗದವನ್ನು ತಿನ್ನುತ್ತವೆ. ಅದರ ಮೇಲೆ ಎಷ್ಟು ಕಷ್ಟಪಟ್ಟು ಬರೆದರೂ ಉಳಿಯುವುದಿಲ್ಲ.

ಹಂತ 2: ಪುಟಕ್ಕೆ ನಂಬರ್ ಹಾಕಿ

ಖಾಲಿ ಪುಟಗಳ ಮೂಲೆಯಲ್ಲಿ ಸಣ್ಣದಾಗಿ ಪೆನ್ಸಿಲ್‌ನಿಂದ 1, 2, 3 ಅಂತ ಬರೆಯುತ್ತಾ ಹೋಗಿ. ಅಷ್ಟೇ.

ಹಂತ 3: ಕೊನೆಯ ಪುಟದಲ್ಲಿ ಪರೀಕ್ಷೆ

ಬುಕ್ಕಿನ ಕಟ್ಟಕಡೆಯ ಪುಟ ತೆರೆಯಿರಿ. ಮನೆಯಲ್ಲಿರುವ ಪೆನ್ಸಿಲ್, ಬಾಲ್ ಪೆನ್, ಇಂಕ್ ಪೆನ್, ಮಾರ್ಕರ್ ಎಲ್ಲದರಿಂದಲೂ ಒಂದೊಂದು ಗೆರೆ ಎಳೆಯಿರಿ. ಪಕ್ಕದಲ್ಲೇ ಅದರ ಹೆಸರು ಬರೆಯಿರಿ. ಒಂದು ಕಡೆ ಒದ್ದೆ ಬ್ರಷ್‌ನಿಂದ ನಾಣ್ಯದಷ್ಟು ಅಗಲಕ್ಕೆ ನೀರು ಸವರಿ. ಹತ್ತು ನಿಮಿಷ ಬಿಟ್ಟು ಹಾಳೆ ತಿರುವಿ ನೋಡಿ. ಯಾವುದು ಹಿಂದಕ್ಕೆ ಇಳಿದಿದೆ, ಯಾವುದರ ಅಂಚು ಹರಡಿದೆ, ನೀರು ಬಿದ್ದ ಕಡೆ ಹಾಳೆ ಉಬ್ಬಿದೆಯಾ, ಎಲ್ಲ ಅಲ್ಲೇ ಕಾಣುತ್ತದೆ.

ಹಾಳೆಯ ದಪ್ಪವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಾಮಾನ್ಯವಾಗಿ 80ರಿಂದ 100 ಜಿಎಸ್ಎಂ ಹಾಳೆಗೆ ನೀರು ತಾಗಿಸಬೇಡಿ. 200ರ ಮೇಲಿದ್ದರೆ ತೆಳ್ಳಗೆ ಬಣ್ಣ ಹಾಕಬಹುದು. ಜಲವರ್ಣದವರು 300 ಜಿಎಸ್ಎಂ ಕೇಳುವುದು ಸುಮ್ನೆ ಅಲ್ಲ. ಆಲ್ಕೋಹಾಲ್ ಮಾರ್ಕರ್ ಅಂತೂ ತೆಳು ಹಾಳೆಯಲ್ಲಿ ಒಂದೇ ಗೆರೆಗೆ ಹಿಂದಿನ ಪುಟ, ಕೆಲವೊಮ್ಮೆ ಅದರಾಚೆಯ ಪುಟವನ್ನೂ ಹಾಳು ಮಾಡುತ್ತದೆ. ನೂರು ಬಣ್ಣದ ಅಗ್ಗದ ಮಾರ್ಕರ್ ಸೆಟ್ ಕೊಳ್ಳುವ ಆಸೆ ಇದ್ದರೆ ಈ ಬುಕ್ ಮುಗಿಯುವವರೆಗೆ ತಡೆದುಕೊಳ್ಳಿ. ಮುಗಿದ ಮೇಲೂ ತಡೆದುಕೊಂಡರೆ ಇನ್ನೂ ಒಳ್ಳೆಯದು.

ಯಾವ ಕಾಗದಕ್ಕೂ ಹೊಂದಿಕೊಳ್ಳುವುದು ಬಾಲ್ ಪೆನ್. ಅದರ ಇಂಕು ಎಣ್ಣೆ ಬೆರೆತ ಗಟ್ಟಿ ಇಂಕು, ಹಾಗಾಗಿ ಹರಡುವುದಿಲ್ಲ. ಅಳಿಸಲೂ ಆಗುವುದಿಲ್ಲ, ಅದೇ ಅದರ ದೊಡ್ಡ ಲಾಭ. ರಬ್ಬರ್ ಕೈಗೆ ಸಿಗದಿದ್ದರೆ ಅರ್ಧ ಸಮಯ ಉಳಿಯುತ್ತದೆ.

ಹಂತ 4: ಅರೆಬರೆ ಚಿತ್ರವಿರುವ ಪುಟಗಳು

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಹಳೇ ಬುಕ್ ತೆರೆದಾಗ ಮೊದಲು ಕಾಣುವುದು ಆ ಮೂಗಿಲ್ಲದ ಮುಖ. ನೋಡಿದರೆ ಮುಜುಗರ. ಕೈ ತಾನಾಗಿ ಹಾಳೆ ಹರಿಯಲು ಹೋಗುತ್ತದೆ.

ಹರಿಯಬೇಡಿ. ಹೊಲಿದ ಬುಕ್‌ನಲ್ಲಿ ಹಾಳೆಗಳು ಜೋಡಿಯಾಗಿರುತ್ತವೆ. ಒಂದೇ ದೊಡ್ಡ ಹಾಳೆಯನ್ನು ನಡುವೆ ಮಡಚಿ ಹೊಲಿದಿರುತ್ತಾರೆ. ಇಲ್ಲಿ ಒಂದು ಹರಿದರೆ ಅದರ ಜೋಡಿ ಅಲ್ಲೆಲ್ಲೋ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕು ಹಾಳೆ ಕಿತ್ತರೆ ಬುಕ್ಕಿನ ಬೆನ್ನೇ ಸೋತುಹೋಗುತ್ತದೆ. ಸ್ಪೈರಲ್ ಬುಕ್‌ಗೆ ಈ ತೊಂದರೆ ಇಲ್ಲ. ಆದರೆ ಒಂದು ಹಾಳೆ ಕಿತ್ತವರು ಎರಡನೆಯದನ್ನೂ ಕೀಳುತ್ತಾರೆ, ನಾಳೆ ಬರೆದದ್ದು ಇಷ್ಟವಾಗದಿದ್ದರೆ ಅದನ್ನೂ ಕೀಳುತ್ತಾರೆ.

ಹಳೆಯ ಚಿತ್ರವನ್ನು ‘ಪೂರ್ತಿ ಮಾಡಲು’ ಕೂಡ ಹೋಗಬೇಡಿ. ಎರಡು ವರ್ಷದ ಹಿಂದಿನ ಕೈಯೇ ಬೇರೆ, ಇವತ್ತಿನದೇ ಬೇರೆ. ಅದನ್ನು ನೆಲವಾಗಿ ಬಳಸಿ. ಪೆನ್ಸಿಲ್‌ನ ಮಸುಕು ಮುಖದ ಮೇಲೆ ನೇರವಾಗಿ ಕಪ್ಪು ಪೆನ್ನಿನಿಂದ ಒಂದು ಕುರ್ಚಿ ಬರೆಯಿರಿ. ಕೆಳಗಿನ ಗೆರೆ ಹಿನ್ನೆಲೆಯಾಗಿ ಉಳಿಯಲಿ. ಎರಡು ಚಿತ್ರ ಒಂದರ ಮೇಲೊಂದು ಬಿದ್ದ ಪುಟಗಳು ಎಷ್ಟೋ ಸಲ ಬುಕ್ಕಿನಲ್ಲೇ ಚೆನ್ನಾದ ಪುಟಗಳಾಗುತ್ತವೆ. ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಹಳೇ ಪುಟಕ್ಕೆ ಇದೇ ಸಾಕು.

ಅದೂ ಬೇಡ, ಪೂರ್ತಿ ಮುಚ್ಚಲೇಬೇಕು ಅನ್ನುವವರಿಗೆ ಜೆಸೊ ಇದೆ. ಕ್ಯಾನ್ವಾಸ್‌ಗೆ ಮೊದಲ ಲೇಪವಾಗಿ ಹಚ್ಚುವ ಬಿಳಿ ಅಕ್ರಿಲಿಕ್ ದ್ರವ ಅದು. ಇದನ್ನು ಕೆಡಿಸುವುದು ಬಹಳ ಸುಲಭ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಹಳೆಯ ಪೆನ್ಸಿಲ್ ಗೆರೆಯನ್ನು ರಬ್ಬರ್‌ನಿಂದ ಆದಷ್ಟು ಎತ್ತಿ. ಹಾಗೇ ಹಚ್ಚಿದರೆ ಗ್ರಾಫೈಟ್ ಪುಡಿ ಒದ್ದೆ ಜೆಸೊ ಜೊತೆ ಬೆರೆತು ಪುಟವೆಲ್ಲ ಬೂದಿ ಬಣ್ಣ. ಹಳೆಯದು ಸ್ಕೆಚ್ ಪೆನ್ನಿನದ್ದಾದರೆ ಇನ್ನೂ ಎಚ್ಚರ ಬೇಕು. ನೀರಲ್ಲಿ ಕರಗುವ ಇಂಕು ಜೆಸೊ ಒಳಗಿಂದ ಮೇಲೆ ಎದ್ದು ಬರುತ್ತದೆ. ಕೆಂಪು ಗೆರೆಯ ಮೇಲೆ ಬಿಳಿ ಹಚ್ಚಿದರೆ ಗುಲಾಬಿ ಪುಟ ಸಿಗುತ್ತದೆ. ಅಂಥ ಪುಟಕ್ಕೆ ಜೆಸೊ ಬೇಡ, ಮೇಲೆ ಬೇರೆ ಕಾಗದ ಅಂಟಿಸಿ.

ಈಗ ಆ ಹಾಳೆಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಡಿ. ಬುಕ್ ಮುಚ್ಚಿಕೊಳ್ಳದ ಹಾಗೆ ಎರಡೂ ಕಡೆ ಕ್ಲಿಪ್ ಹಾಕಿ. ಜೆಸೊಗೆ ಎರಡು ಮೂರು ಹನಿ ನೀರು ಬೆರೆಸಿ, ಬ್ರಷ್ ಎಳೆದಾಗ ತಡೆಯದೆ ಜಾರುವಷ್ಟು ತೆಳ್ಳಗೆ ಮಾಡಿಕೊಳ್ಳಿ. ಚಪ್ಪಟೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರ ಅಂಚಿಗೆ ಎಳೆಯಿರಿ. ಹೊಲಿಗೆಯ ಪಕ್ಕ ಒಂದು ಬೆರಳಗಲ ಜಾಗ ಒಣಗಿದ್ದಾಗಿಯೇ ಬಿಡಿ. ಅಲ್ಲಿ ಜೆಸೊ ತುಂಬಿದರೆ ಬುಕ್ ಮಡಚುವಾಗ ಬಿರುಕು ಬಿಡುತ್ತದೆ, ಎದುರು ಪುಟಕ್ಕೂ ಅಂಟಿಕೊಳ್ಳುತ್ತದೆ. ಮೊದಲ ಲೇಪದ ಕೆಳಗೆ ಹಳೇ ಚಿತ್ರ ಕಾಣುತ್ತಲೇ ಇರುತ್ತದೆ. ಎಲ್ಲರೂ ಗಾಬರಿಯಾಗಿ ಅಲ್ಲೇ ಇನ್ನಷ್ಟು ಬಳಿಯುತ್ತಾರೆ. ಬಳಿಯಬೇಡಿ! ಕೈಗೆ ಅಂಟದ ಹಾಗೆ ಒಣಗಲಿ. ಆಮೇಲೆ ಅಡ್ಡಡ್ಡ ಇನ್ನೊಂದು ತೆಳು ಲೇಪ.

ಒಣಗುವಾಗ ಹಾಳೆ ಒಂದು ಕಡೆಗೆ ಸುರುಟಿಕೊಳ್ಳುತ್ತದೆ, ಹೆದರಬೇಡಿ. ಹಿಂಬದಿಗೂ ಒಂದು ಲೇಪ ಕೊಟ್ಟರೆ ಎಳೆತ ಸರಿಸಮ ಆಗುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಬುಕ್ ಮುಚ್ಚಬೇಡಿ. ಅಕ್ರಿಲಿಕ್ ಒಳಗೆ ಇನ್ನೂ ಮೆತ್ತಗೇ ಇರುತ್ತದೆ. ರಾತ್ರಿಯಿಡೀ ತೆರೆದಿಡಿ, ಬೆಳಿಗ್ಗೆ ಎರಡು ಪುಟದ ನಡುವೆ ಬಟರ್ ಪೇಪರ್ ಇಟ್ಟು ಮುಚ್ಚಿ, ಮೇಲೆ ಭಾರ ಹೇರಿ. ಆತುರಪಟ್ಟು ಮುಚ್ಚಿದ ಬುಕ್‌ನಲ್ಲಿ ಎದುರು ಪುಟದ ಸಿಪ್ಪೆ ಕಿತ್ತುಬಂದು ಜೆಸೊಗೆ ಅಂಟಿರುತ್ತದೆ. ಎರಡೂ ಪುಟ ಹೋಯಿತು.

ಜೆಸೊ ಬದಲು ಪೋಸ್ಟರ್ ಬಣ್ಣ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಅದು ಮತ್ತೆ ನೀರು ತಾಗಿದರೆ ಕರಗುತ್ತದೆ, ಒಣಗಿದ ಮೇಲೆ ಪುಡಿ ಉದುರುತ್ತದೆ. ಆಫೀಸಿನ ಬಿಳಿ ವೈಟ್ನರ್ ಒಂದು ಅಕ್ಷರ ಮುಚ್ಚಲು ಸರಿ, ಪುಟ ಮುಚ್ಚಲು ಅಲ್ಲ. ಬಿಳಿ ಅಕ್ರಿಲಿಕ್ ಬಣ್ಣ ಪರವಾಗಿಲ್ಲ. ಆದರೆ ನುಣುಪಾಗಿರುವುದರಿಂದ ಪೆನ್ಸಿಲ್ ಜಾರುತ್ತದೆ.

ಇನ್ನೊಂದು ಮಾತು. ಜೆಸೊ ಪುಟ ಸಣ್ಣ ಉಪ್ಪುಕಾಗದದ ಹಾಗೆ ತರಿತರಿಯಾಗಿರುತ್ತದೆ. ಅದರ ಮೇಲೆ ಸೂಕ್ಷ್ಮ ಮೊನೆಯ ಪೆನ್ ಓಡಿಸಿದರೆ ಮೊನೆ ಸವೆದು ಹಾಳಾಗುತ್ತದೆ. ಅಲ್ಲಿಗೆ 4ಬಿಯಂಥ ಮೆತ್ತನೆ ಪೆನ್ಸಿಲ್ ಅಥವಾ ಬ್ರಷ್ ಸಾಕು.

ಹಂತ 5: ದಿನದ ಪುಟ

ದಿನಕ್ಕೆ ಹತ್ತು ನಿಮಿಷ. ಗಡಿಯಾರ ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಪುಟ ಅರ್ಧವೇ ತುಂಬಿದರೂ ತಾರೀಕು ಹಾಕಿ ಮುಂದಕ್ಕೆ ಹೋಗಿ. ಒಂದು ಪುಟಕ್ಕೆ ಮೂರು ದಿನ ಕೂತವರ ಬುಕ್ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ.

ಏನು ಬರೆಯುವುದು ಅನ್ನುವುದಕ್ಕೆ ‘ಇವತ್ತು ಡ್ರ್ಯಾಗನ್, ನಾಳೆ ಮೋಡ’ ಎಂಬ ಪಟ್ಟಿಗಳು ಸಿಗುತ್ತವೆ. ನನಗೆ ಅವು ಇಷ್ಟವಿಲ್ಲ. ಡ್ರ್ಯಾಗನ್ ಬರೆಯಲು ಚಿತ್ರ ಹುಡುಕುತ್ತಾ ಫೋನ್ ಹಿಡಿದರೆ ಹತ್ತು ನಿಮಿಷ ಅಲ್ಲೇ ಖರ್ಚು. ಒಂದೇ ವಸ್ತು ಹಿಡಿದು ಬುಕ್ ಮುಗಿಯುವವರೆಗೆ ಬಿಡಬೇಡಿ. ನಿಮ್ಮದೇ ಎಡಗೈ ಆಗಬಹುದು, ಬಾಗಿಲ ಬಳಿಯ ಚಪ್ಪಲಿ ಆಗಬಹುದು. ಜಪಾನಿನ ಚಿತ್ರಕಾರ ಹೊಕುಸಾಯ್ ವಯಸ್ಸು 80 ದಾಟಿದ ಮೇಲೆ, 1842-43ರ ಸುಮಾರಿಗೆ, ದಿನಾ ಬೆಳಿಗ್ಗೆ ಒಂದು ಸಿಂಹ ಬರೆಯುತ್ತಿದ್ದರು. ಕೆಡುಕು ದೂರವಾಗಲಿ ಎಂಬ ನಂಬಿಕೆ ಅದರ ಹಿಂದೆ ಇತ್ತು. ಕುಣಿಯುವ ಸಿಂಹ, ಓಡುವ ಸಿಂಹ. ವಿಷಯ ಒಂದೇ, ಚಿತ್ರ ದಿನಾ ಬೇರೆ.

ಚಪ್ಪಲಿ ಬರೆದು ಬೇಸರ ಬಂದ ದಿನ ಕಾಗದ ನೋಡದೆ ಬರೆಯಿರಿ. ಕಣ್ಣು ಚಪ್ಪಲಿಯ ಅಂಚಿನ ಮೇಲೆ ಇರುವೆಯಷ್ಟು ನಿಧಾನಕ್ಕೆ ಸಾಗಲಿ, ಪೆನ್ನು ಅದೇ ವೇಗದಲ್ಲಿ ಹಾಳೆಯ ಮೇಲೆ. ಪಟ್ಟಿ ಒಂದು ಕಡೆ, ಅಟ್ಟೆ ಇನ್ನೊಂದು ಕಡೆ ಹೋಗಿರುತ್ತದೆ. ಇರಲಿ ಬಿಡಿ. ಪಟ್ಟಿ ಅಟ್ಟೆಯೊಳಗೆ ಇಳಿಯುವ ಜಾಗದಲ್ಲಿ ಸಣ್ಣ ಗುಂಡಿ ಇದೆ, ಹಿಮ್ಮಡಿ ಒಂದು ಕಡೆಗೆ ಜಾಸ್ತಿ ಸವೆದಿದೆ ಎಂಬುದು ಅವತ್ತೇ ಕಣ್ಣಿಗೆ ಬೀಳುವುದು.

ಹಂತ 6: ತಪ್ಪಿಹೋದ ದಿನ

ತಪ್ಪಿದ್ದು ತಪ್ಪಿತು. ಮಾರನೇ ದಿನ ಒಂದೇ ಪುಟ ಬರೆಯಿರಿ, ಎರಡಲ್ಲ. ಭಾನುವಾರ ಕೂತು ಏಳು ಪುಟ ಒಟ್ಟಿಗೆ ಗೀಚುವ ಜಾಣರಿದ್ದಾರೆ. ಆ ಏಳೂ ಪುಟ ನೋಡಿದರೆ ಒಂದೇ ಪುಟದ ಏಳು ಪ್ರತಿ ಅನ್ನಿಸುತ್ತದೆ. ನಡುವೆ ಒಂದು ಪುಟ ಖಾಲಿ ಬಿಟ್ಟು ‘ಆಮೇಲೆ ತುಂಬುತ್ತೇನೆ’ ಅನ್ನುವುದೂ ಬೇಡ. ನಮ್ಮದು ಪುಟದ ಲೆಕ್ಕ ತಾನೇ? ಹನ್ನೆರಡರ ನಂತರ ಹದಿಮೂರು, ನಡುವೆ ಎಷ್ಟು ದಿನ ಹೋಗಿದ್ದರೂ.

ಹಂತ 7: ಮುಗಿದ ಪುಟ ಉಳಿಸಿಕೊಳ್ಳುವುದು

6ಬಿಯಂಥ ಮೆತ್ತನೆ ಪೆನ್ಸಿಲ್‌ನಲ್ಲಿ ಗ್ರಾಫೈಟ್ ಜಾಸ್ತಿ, ಜೇಡಿಮಣ್ಣು ಕಡಿಮೆ. ಹಾಗಾಗಿ ಅದು ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ. ಪೆನ್ಸಿಲ್ ಪುಡಿ ಹಾಳೆಗೆ ಕೂತಿರುವಂತೆ ಮಾಡುವ ಫಿಕ್ಸೆಟಿವ್ ಸ್ಪ್ರೇ ಇದ್ದರೆ ಬುಕ್ಕನ್ನು ಮನೆಯ ಹೊರಗೆ ಒಯ್ದು, ಒಂದು ಅಡಿ ದೂರದಿಂದ ತೆಳ್ಳಗೆ ಎರಡು ಸಲ ಸಿಂಪಡಿಸಿ. ಮುಚ್ಚಿದ ಕೋಣೆಯಲ್ಲಿ ಬೇಡ, ಅದರ ಆವಿ ಒಳ್ಳೆಯದಲ್ಲ. ಅದರ ಬದಲು ಹೇರ್ ಸ್ಪ್ರೇ ಹೊಡೆಯುವ ಉಪಾಯ ಎಲ್ಲರಿಗೂ ಯಾರೋ ಒಬ್ಬರು ಹೇಳಿಕೊಟ್ಟಿರುತ್ತಾರೆ. ಅದು ಕ್ರಮೇಣ ಹಾಳೆಯನ್ನು ಹಳದಿ ಮಾಡುತ್ತದೆ. ಫಿಕ್ಸೆಟಿವ್ ಇಲ್ಲದಿದ್ದರೆ ನಡುವೆ ಬಟರ್ ಪೇಪರ್ ಇಡಿ, ಬುಕ್ ಮೇಲೆ ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ. ಮೆತ್ತಿಕೊಳ್ಳುವುದು ಪುಟಗಳು ಒಂದಕ್ಕೊಂದು ಉಜ್ಜಿದಾಗ, ಬಿಗಿಯಾಗಿದ್ದರೆ ಉಜ್ಜಾಟವೇ ಇರುವುದಿಲ್ಲ.

ಪರೀಕ್ಷೆ ಮಾಡಿದ ಕೊನೆಯ ಪುಟದ ಮೇಲೆ ಮತ್ತೇನೂ ಬರೆಯಬೇಡಿ. ಅದನ್ನು ತುಂಬಿದ ಪುಟ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ಮುಗಿದ ತಾರೀಕನ್ನು ರಟ್ಟಿನ ಒಳಬದಿಗೆ ಬರೆದು, ಎತ್ತಿಟ್ಟ ರಾಶಿಯಿಂದ ಕಡಿಮೆ ಖಾಲಿ ಪುಟದ ಇನ್ನೊಂದು ಬುಕ್ ತೆಗೆಯಿರಿ. ಮೊದಲನೆಯದು ತೆಳು ಹಾಳೆಯದ್ದಾಗಿದ್ದರೆ ಈ ಸಲ ಮಾತ್ರ ನಿಯಮ ಸ್ವಲ್ಪ ಸಡಿಲಿಸಿ ದಪ್ಪ ಹಾಳೆಯದ್ದನ್ನೇ ಆರಿಸಿಕೊಳ್ಳಬಹುದು. ಅಷ್ಟು ದಿನ ನೀರಿನಿಂದ ದೂರ ಇದ್ದ ಬ್ರಷ್‌ಗೂ ಕೆಲಸ ಸಿಗುತ್ತದೆ.