ಅಣುವಿನ ಸಂಕರಣವನ್ನು ಗುರುತಿಸುವುದು ಹೇಗೆ?

ಇಂಗಾಲದ ಪರಮಾಣುವಿನ ಹೊರಕವಚದಲ್ಲಿ ಜೋಡಿಯಾಗದೆ ಉಳಿದ ಎಲೆಕ್ಟ್ರಾನ್‌ಗಳು ಎರಡೇ. ಹಾಗಿದ್ದೂ ಮಿಥೇನ್ ಅಣುವಿನಲ್ಲಿ ಅದು ನಾಲ್ಕು ಸಮಾನ ಬಂಧಗಳನ್ನು ಏರ್ಪಡಿಸಿಕೊಳ್ಳುತ್ತದೆ, ಯಾವುದೇ ಎರಡು ಬಂಧಗಳ ನಡುವಿನ ಕೋನವೂ 109.5 ಡಿಗ್ರಿ ಇರುತ್ತದೆ. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರುವ ಸಾಧ್ಯತೆ ಹೆಚ್ಚಿರುವ ಪ್ರದೇಶವೇ ಆರ್ಬಿಟಲ್ ಅಥವಾ ಕಕ್ಷಕ; ಗೋಳಾಕಾರದ್ದು ಎಸ್, ಡಂಬೆಲ್ ಆಕಾರದ್ದು ಪಿ. ಪಿ ಕಕ್ಷಕಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರುವುದರಿಂದ ಅವುಗಳಿಂದಷ್ಟೇ ಈ ಆಕಾರವನ್ನು ವಿವರಿಸಲಾಗದು. 1931ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಒಂದು ಎಸ್ ಮತ್ತು ಮೂರು ಪಿ ಕಕ್ಷಕಗಳನ್ನು ಗಣಿತದ ಮೂಲಕ ಬೆರೆಸಿ, ನಾಲ್ಕು ಸಮಾನ ಕಕ್ಷಕಗಳನ್ನು ಪಡೆಯಬಹುದೆಂದು ತೋರಿಸಿದರು. ಇದೇ ಹೈಬ್ರಿಡೈಸೇಶನ್ ಅಥವಾ ಸಂಕರಣ.

ಮೊದಲೇ ಮನದಟ್ಟಾಗಬೇಕಾದ ಮಾತೊಂದಿದೆ. ಸಂಕರಣವು ಬಂಧವಾಗುವ ಮುನ್ನ ಪರಮಾಣುವಿನೊಳಗೆ ನಡೆಯುವ ಘಟನೆಯಲ್ಲ. ಅಣುವಿನ ಆಕಾರವನ್ನು ವಿವರಿಸಲು ನಾವು ಕಟ್ಟಿಕೊಂಡ ಮಾದರಿ. ವಿದ್ಯಾರ್ಥಿಗಳು ಇದನ್ನು ತಿರುವುಮುರುವಾಗಿ ಕಲಿಯುವುದರಿಂದಲೇ ವಿಷಯ ಕಗ್ಗಂಟಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಫಾರ್ಮಾಲ್ಡಿಹೈಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಲೂಯಿಸ್ ರಚನೆಯನ್ನು, ಅಂದರೆ ಹೊರಕವಚದ ಎಲೆಕ್ಟ್ರಾನ್ ಜೋಡಿಗಳು ಎಲ್ಲೆಲ್ಲಿವೆ ಎಂದು ತೋರಿಸುವ ಚಿತ್ರವನ್ನು, ಬರೆಯಬೇಕು. ಇಂಗಾಲದ 4, ಆಮ್ಲಜನಕದ 6, ಎರಡು ಹೈಡ್ರೋಜನ್‌ಗಳ 2 ಸೇರಿ ಒಟ್ಟು 12 ವೇಲೆನ್ಸಿ (ಹೊರಕವಚದ) ಎಲೆಕ್ಟ್ರಾನ್‌ಗಳು, ಅಂದರೆ ಆರು ಜೋಡಿಗಳು. ಎರಡು ಜೋಡಿಗಳು ಇಂಗಾಲ ಮತ್ತು ಹೈಡ್ರೋಜನ್‌ಗಳ ನಡುವಿನ ಬಂಧಗಳಿಗೆ, ಎರಡು ಇಂಗಾಲ ಮತ್ತು ಆಮ್ಲಜನಕದ ನಡುವಿನ ದ್ವಿಬಂಧಕ್ಕೆ ಸಲ್ಲುತ್ತವೆ. ಉಳಿದೆರಡು ಆಮ್ಲಜನಕದ ಮೇಲೆ ಬಂಧದಲ್ಲಿ ಸೇರದ ಒಂಟಿ ಜೋಡಿಗಳಾಗಿ ನಿಲ್ಲುತ್ತವೆ.

ಎರಡನೆಯ ಹಂತದಲ್ಲಿ ಕೇಂದ್ರ ಪರಮಾಣುವಿನ ಸಿಗ್ಮಾ ಬಂಧಗಳನ್ನೂ ಒಂಟಿ ಜೋಡಿಗಳನ್ನೂ ಕೂಡಿಸಬೇಕು. ಎರಡು ಪರಮಾಣುಗಳ ಕಕ್ಷಕಗಳು ನೇರಾನೇರ ಅತಿವ್ಯಾಪಿಸಿದರೆ, ಅಂದರೆ ಒಂದರ ಮೇಲೊಂದು ಚಾಚಿಕೊಂಡರೆ, ಅದು ಸಿಗ್ಮಾ ಬಂಧ; ಪಕ್ಕಪಕ್ಕದಲ್ಲಿ ಅತಿವ್ಯಾಪಿಸಿದರೆ ಪೈ ಬಂಧ. ಹೆಚ್ಚಿನವರು ಎಡವುವುದು ಇಲ್ಲಿಯೇ: ಬಂಧ ಏಕಬಂಧವಿರಲಿ, ದ್ವಿಬಂಧವಿರಲಿ, ತ್ರಿಬಂಧವಿರಲಿ, ಅದರಲ್ಲಿ ಸಿಗ್ಮಾ ಒಂದೇ, ಮಿಕ್ಕದ್ದೆಲ್ಲ ಪೈ. ಹಾಗಾಗಿ ನಮ್ಮ ಇಂಗಾಲಕ್ಕೆ ಮೂರು ಸಿಗ್ಮಾ ಬಂಧಗಳು, ಒಂಟಿ ಜೋಡಿ ಇಲ್ಲ, ಮೊತ್ತ ಮೂರು. ಮೊತ್ತ ನಾಲ್ಕಾದರೆ ಎಸ್‌ಪಿ³ (ಒಂದು ಎಸ್, ಮೂರು ಪಿ ಬೆರೆತದ್ದು), ಮೂರಾದರೆ ಎಸ್‌ಪಿ², ಎರಡಾದರೆ ಎಸ್‌ಪಿ. ಫಾರ್ಮಾಲ್ಡಿಹೈಡಿನ ಇಂಗಾಲ ಎಸ್‌ಪಿ² ಆಗಿದ್ದು, ಸಂಕರಣಕ್ಕೆ ಸೇರದ ಒಂದು ಪಿ ಕಕ್ಷಕವು ಆಮ್ಲಜನಕದ ಪಿ ಕಕ್ಷಕದೊಂದಿಗೆ ಪಕ್ಕಪಕ್ಕದಲ್ಲಿ ಅತಿವ್ಯಾಪಿಸಿ ಪೈ ಬಂಧವನ್ನು ಉಂಟುಮಾಡುತ್ತದೆ. ದ್ವಿಬಂಧದ ಸುತ್ತ ಅಣುವಿನ ಭಾಗಗಳು ಸಲೀಸಾಗಿ ತಿರುಗಲಾರದಿರುವುದಕ್ಕೂ ಈ ಅತಿವ್ಯಾಪನವೇ ಕಾರಣ, ಏಕೆಂದರೆ ತಿರುಗಿದರೆ ಅದು ಮುರಿಯುತ್ತದೆ.

ಕೊನೆಗೆ, ಸಿಕ್ಕ ಉತ್ತರವನ್ನು ಅಳತೆ ಮಾಡಿದ ಕೋನದೊಂದಿಗೆ ಹೋಲಿಸಬೇಕು. ಅಮೋನಿಯಾದಲ್ಲಿಯೂ ನೀರಿನಲ್ಲಿಯೂ ಮೊತ್ತ ನಾಲ್ಕೇ. ಆದರೆ ಒಂಟಿ ಜೋಡಿಗಳು ಬಂಧದ ಜೋಡಿಗಳನ್ನು ಹೆಚ್ಚು ವಿಕರ್ಷಿಸುವುದರಿಂದ ಕೋನ ಕ್ರಮವಾಗಿ ಸುಮಾರು 107 ಮತ್ತು 104.5 ಡಿಗ್ರಿಗೆ ಇಳಿಯುತ್ತದೆ. ಹೈಡ್ರೋಜನ್ ಸಲ್ಫೈಡಿನಲ್ಲಿ ಕೋನ ಸುಮಾರು 92 ಡಿಗ್ರಿ ಮಾತ್ರ. ಎಣಿಕೆಯ ಪ್ರಕಾರ ಅಲ್ಲಿಯೂ ಎಸ್‌ಪಿ³ ಎಂದೇ ಉತ್ತರ ಬಂದರೂ, ಗಂಧಕದ ಬಂಧಗಳು ಬಹುಮಟ್ಟಿಗೆ ಪಿ ಕಕ್ಷಕಗಳಿಂದಲೇ ಆದವೆಂದು ಆ ಕೋನ ಸೂಚಿಸುತ್ತದೆ. ಅಂಥ ಕಡೆ ಕೋನವನ್ನೇ ನಂಬಬೇಕು.

ಸಲ್ಫರ್ ಹೆಕ್ಸಾಫ್ಲೋರೈಡಿನಂತಹ ಅಣುಗಳಿಗೆ ಅನೇಕ ಪಠ್ಯಗಳು ಎಸ್‌ಪಿ³ಡಿ² ಎಂದು ಬರೆಯುತ್ತವೆ. ಅಲ್ಲಿ ಡಿ ಕಕ್ಷಕಗಳ ಪಾತ್ರ ಅತ್ಯಲ್ಪವೆಂದು ಕ್ವಾಂಟಮ್ ಲೆಕ್ಕಾಚಾರಗಳು ತೋರಿಸಿರುವುದರಿಂದ, ಅಷ್ಟಮುಖಿ ಆಕಾರವನ್ನು ಹೇಳಿ ಅಲ್ಲಿಗೆ ನಿಲ್ಲಿಸುವುದೇ ಹೆಚ್ಚು ಸರಿ.