ಕೋವಿ ಗುರಿ ತಪ್ಪಿದರೆ ಸ್ಕೋಪಿಗೆ ಕೈ ಹಾಕಬೇಡಿ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಸಾಲು. ಹೋದ ವರ್ಷ ಕಾಯಿ ಒಡೆದ ಅದೇ .22 ಕೋವಿ ಈ ವರ್ಷ ಎಲ್ಲೆಲ್ಲೋ ಹೊಡೆಯುತ್ತದೆ. ಆಗ ಎಲ್ಲರ ಕೈಯೂ ಸ್ಕೋಪಿನ, ಅಂದರೆ ಕೋವಿಯ ಮೇಲಿನ ಗುರಿ ದುರ್ಬೀನಿನ, ತಿರುಪಿಗೇ ಹೋಗುತ್ತದೆ. ಎರಡು ಗುಂಡಿಗೊಮ್ಮೆ ಎಡಕ್ಕೆ, ಮತ್ತೆರಡಕ್ಕೆ ಬಲಕ್ಕೆ. ತೋಟೆ ಡಬ್ಬಿ ಖಾಲಿ, ಕಾಯಿ ಹಾಗೇ ಇರುತ್ತದೆ.

ಮೊದಲು ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎಳೆಯಿರಿ, ಒಳಗೆ ತೋಟೆ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಸ್ಕೋಪ್ ಕೂರಿಸಿದ ಸ್ಕ್ರೂಗಳು ಸಡಿಲವಿದ್ದರೆ ಬಿಗಿ ಮಾಡಿ.

ಆಮೇಲೆ ರೇಂಜಿನಲ್ಲಿ, ಮರಳು ಚೀಲದ ಮೇಲಿಟ್ಟು, 50 ಮೀಟರಿನಿಂದ 5 ಗುಂಡು ಹೊಡೆಯಿರಿ. ಐದೂ ನಾಣ್ಯದಷ್ಟು ಜಾಗದಲ್ಲಿ ಬಿದ್ದು, ಗುಂಪೇ ಪಕ್ಕಕ್ಕಿದ್ದರೆ ಈಗ ತಿರುಪು ತಿರುಗಿಸಿ, ಕೆಲಸ ಮುಗಿಯಿತು. ಚೆಲ್ಲಾಪಿಲ್ಲಿಯಾಗಿದ್ದರೆ ತಿರುಪಿನಿಂದ ಏನೂ ಆಗದು.

ನಮ್ಮ ಕಡೆ ಜಾಸ್ತಿ ಸಲ ಕಳ್ಳ ಇರುವುದು ಮರದಲ್ಲಿ. ಜೂನ್‌ನಿಂದ ಸುರಿಯುವ ಮಳೆಗೆ ಕೋವಿಯ ಮರ ತೇವ ಕುಡಿದು ಉಬ್ಬುತ್ತದೆ, ನಳಿಗೆಯನ್ನು ಒಂದು ಪಕ್ಕ ಒತ್ತುತ್ತದೆ. ನಳಿಗೆ ಮರಕ್ಕೆ ತಾಗದಂತೆ ಕೂರಿಸಿದ ಕೋವಿಯಾದರೆ 10 ರೂಪಾಯಿ ನೋಟನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಹೋಗಿ. ನೋಟು ಸಿಕ್ಕಿಕೊಂಡ ಕಡೆ ಮರ ತಾಗುತ್ತಿದೆ. ತಕ್ಷಣ ಮರಳು ಕಾಗದ ಹಿಡಿಯಬೇಡಿ. ಗಾಳಿಯಾಡುವ ಒಣ ಕೋಣೆಯಲ್ಲಿ ಒಂದು ವಾರ ಇಡಿ. ಒಲೆ ಪಕ್ಕ ಇಟ್ಟು ಮರ ಸೀಳಿಸಿಕೊಂಡವರನ್ನು ನೋಡಿದ್ದೇನೆ. ಆಮೇಲೂ ತಾಗಿದರೆ ಅಷ್ಟೇ ಜಾಗ ಉಜ್ಜಿ, ಉಜ್ಜಿದ ಕಡೆ ವಾರ್ನಿಶ್ ಹಚ್ಚಿ. ಹಚ್ಚದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಕತೆ. ಕೊನೆಗೆ ಕೋವಿಯ ಲೋಹದ ಭಾಗವನ್ನು ಮರಕ್ಕೆ ಹಿಡಿದಿಡುವ ಸ್ಕ್ರೂಗಳನ್ನು ಕೋವಿ ಕಂಪನಿ ಹೇಳಿದ ಬಿಗಿಗೆ ತನ್ನಿ. ಅಂದಾಜು ಬೇಡ, ಬಿಗಿ ಅಳೆದು ತಿರುಗಿಸುವ ಟಾರ್ಕ್ ಡ್ರೈವರ್ ಕೊಳ್ಳಿ. ಸ್ಕೋಪಿಗೆ ಸುರಿಯುವ ದುಡ್ಡಿಗಿಂತ ಇದು ಒಳ್ಳೆಯ ಖರ್ಚು.

ತೋಟೆ ಬೇರೆ ಕಂಪನಿಯದಾದರೆ ಗುಂಡು ಬೀಳುವ ಜಾಗವೂ ಬೇರೆ. ಹತ್ತು ಹೊಡೆದ ಮೇಲೆ ತೀರ್ಮಾನ ಮಾಡಿ.

ನಳಿಗೆಗೆ ಕೊಬ್ಬರಿ ಎಣ್ಣೆ ಹಾಕುವವರು ಇನ್ನೂ ಇದ್ದಾರೆ! ಮಡಿಕೇರಿ ಚಳಿಗೆ ಅದು ಬೆಣ್ಣೆಯಾಗುತ್ತದೆ. ಕೋವಿ ಎಣ್ಣೆಯನ್ನೇ ಹಾಕಿ, ಹೊಡೆಯುವ ಮುಂಚೆ ಒಣ ಬಟ್ಟೆ ಎಳೆದು ತೆಗೆಯಿರಿ. ಸ್ವಚ್ಛ ಮಾಡುವ ಕಡ್ಡಿ ಬೋಲ್ಟ್ ಕಡೆಯಿಂದಲೇ ಹೋಗಲಿ. ಬಾಯಿ ಕಡೆಯಿಂದ ತುರುಕಿದರೆ ಅಂಚು ಸವೆಯುತ್ತದೆ. ಅನುಮಾನವಿದ್ದರೆ ಅಂಚಿನ ಸುತ್ತ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅರ ಹಿಡಿಯದೆ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ.