ಫೋರ್ಡ್ ಕಂಪನಿಯ ಹಳೆ ಕಡತಗಳಲ್ಲಿ ಹುಡುಕುವುದು ಹೇಗೆ

1903ರಲ್ಲಿ ಶುರುವಾದ ಫೋರ್ಡ್ ಮೋಟಾರ್ ಕಂಪನಿಯ ಆರಂಭದ ಲೆಕ್ಕಪತ್ರ, ಪತ್ರವ್ಯವಹಾರಗಳ ದೊಡ್ಡ ಪಾಲು ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಬೆನ್ಸನ್ ಫೋರ್ಡ್ ಸಂಶೋಧನಾ ಕೇಂದ್ರದಲ್ಲಿದೆ. ಹೋಗುವ ಮೊದಲೇ ಕ್ಯಾಟಲಾಗ್ ನೋಡಿ ಅಕ್ಸೆಶನ್ ಸಂಖ್ಯೆ (ಕೇಂದ್ರ ಪ್ರತಿ ಸಂಗ್ರಹಕ್ಕೂ ಕೊಟ್ಟಿರುವ ಸಂಖ್ಯೆ), ಪೆಟ್ಟಿಗೆ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ. ‘ಮಾಡೆಲ್ ಟಿ ದಾಖಲೆ ಕೊಡಿ’ ಎಂದಷ್ಟೇ ಕೇಳಿದರೆ ದಿನ ಹಾಳು.

ಫೋರ್ಡ್‌ನ ಹಳೆ ಮಾಡೆಲ್ ಟಿ ಕಾರಿನ ವಯಸ್ಸು ಬೇಕಿದ್ದರೆ ಎಂಜಿನ್ ಸಂಖ್ಯೆಯಿಂದ ಹೊರಡಿ. ಎಂಜಿನ್ ಬ್ಲಾಕಿನ ಎಡಬದಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಅದನ್ನು ಒತ್ತಿರುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ: ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ತಯಾರಾದ ಎಂಜಿನ್‌ಗಳು ದೂರದ ಜೋಡಣಾ ಘಟಕಗಳಿಗೂ ಹೋಗುತ್ತಿದ್ದವು. ಹಾಗಾಗಿ ಎಂಜಿನ್ ಸಂಖ್ಯೆಗಳ ದಾಖಲೆ ಪುಸ್ತಕದಲ್ಲಿ ಸಿಗುವುದು ಎಂಜಿನ್ನಿನ ತಾರೀಖು, ಕಾರಿನದ್ದಲ್ಲ. ಮಧ್ಯೆ ಎಂಜಿನ್ ಬದಲಾಗಿದ್ದರಂತೂ ಅದೂ ಕೆಲಸಕ್ಕೆ ಬಾರದು. ವಾರ್ಷಿಕ ಮೊತ್ತಗಳಲ್ಲೂ ಹುಷಾರು. 1909ರ ಲೆಕ್ಕದ ವರ್ಷ ತೆರೆದದ್ದು 1908ರ ಅಕ್ಟೋಬರ್‌ನಲ್ಲಿ.

ಆ ಕಾಲದ ಕಂಪನಿಗಳ ಪತ್ರಗಳ ನಕಲು ಪುಸ್ತಕ ಸಿಕ್ಕರೆ ತಾಳ್ಮೆ ಬೇಕು. ಹಸಿ ಶಾಯಿಯ ಪತ್ರವನ್ನು ಒದ್ದೆ ಮಾಡಿದ ತೆಳು ಹಾಳೆಗೆ ಒತ್ತಿ ತೆಗೆದ ನಕಲು ಅದು; ಅಕ್ಷರ ಹಾಳೆಯ ಹಿಂದಿನಿಂದ ಕಾಣುತ್ತದೆ, ಕೆಳಗಿನ ಪುಟದ ಬರಹವೂ ಜೊತೆಗೆ ಇಣುಕುತ್ತದೆ. ಕೆಳಗೊಂದು ಬಿಳಿ ಹಾಳೆ ಸರಿಸಿ, ಆಮೇಲೆ ಓದಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ, ಪೆನ್ನು ತೆಗೆಯಲೇಬೇಡಿ, ಪೆನ್ಸಿಲ್ ಸಾಕು. ತುಕ್ಕು ಹಿಡಿದ ಗುಂಡುಪಿನ್ನು ಕಂಡರೆ ನೀವೇ ಎಳೆಯದೆ ಸಿಬ್ಬಂದಿಯನ್ನು ಕರೆಯಿರಿ. ನೀಲಿ ನಕ್ಷೆಗಳನ್ನು ನೋಡಿ ಮುಗಿದ ಕೂಡಲೇ ಮುಚ್ಚಿಡಿ, ಬೆಳಕಿಗೆ ಅವುಗಳ ಬಣ್ಣ ಮಾಸುತ್ತದೆ.